ರೀಡ್ ಆಗ್ತಿಲ್ಲ ಸಾರ್!

ಟೋಲ್ ಗೇಟಿನಲ್ಲಿ ನಾವು ಕಾಯುವುದು ಸರಾಸರಿ 47 ಸೆಕೆಂಡ್. ಇದು ನಾನು ಕಟ್ಟಿದ ಲೆಕ್ಕ ಅಲ್ಲ, ಕೇಂದ್ರ ಸರ್ಕಾರವೇ ಕೊಟ್ಟಿದ್ದು. 2018-19ರಲ್ಲಿ 8 ನಿಮಿಷ ಇತ್ತಂತೆ. ಫಾಸ್ಟ್ಯಾಗ್ ಬಂದ ಮೇಲೆ 47 ಸೆಕೆಂಡಿಗೆ ಇಳಿಯಿತಂತೆ. ಸರಾಸರಿಯ ಮನಸ್ಸು ಬಹಳ ದೊಡ್ಡದು. ರಾತ್ರಿ ಮೂರು ಗಂಟೆಗೆ ಖಾಲಿ ಗೇಟು ದಾಟಿದವನನ್ನೂ, ಹಬ್ಬದ ಹಿಂದಿನ ಸಂಜೆ ನೆಲಮಂಗಲದ ಕಡೆ ಹೊರಟು ಸಿಕ್ಕಿಹಾಕಿಕೊಂಡವನನ್ನೂ ಒಟ್ಟಿಗೆ ಕೂರಿಸಿ ಭಾಗಿಸಿಬಿಡುತ್ತದೆ.

ಆ 47 ಸೆಕೆಂಡಿನಲ್ಲಿ ಏನೇನು ನಡೆಯುತ್ತದೆ ನೋಡಿ. ಕಾರು ಗೇಟಿನ ಮುಂದೆ ನಿಲ್ಲುತ್ತದೆ. ಮೇಲೆ ಆಂಟೆನಾ ಇದೆ, ಗಾಜಿನ ಮೇಲೆ ಟ್ಯಾಗ್ ಇದೆ. ಯಾಕೋ ಎರಡಕ್ಕೂ ಮಾತಿಲ್ಲ. ಗೂಡಿನೊಳಗಿನ ಹುಡುಗ ತಲೆ ಎತ್ತದೆ ಹೇಳುತ್ತಾನೆ, “ಸ್ವಲ್ಪ ಹಿಂದೆ ತಗೊಳ್ಳಿ ಸಾರ್.” ಹಿಂದೆ ಎಲ್ಲಿಗೆ? ಕನ್ನಡಿ ತುಂಬಾ ಲಾರಿಯ ಮೂತಿ. ಹಾಗೂ ಹೀಗೂ ಒಂದು ಗೇಣು ಹಿಂದೆ, ಎರಡು ಗೇಣು ಮುಂದೆ. “ರೀಡ್ ಆಗ್ತಿಲ್ಲ ಸಾರ್.” ಅವನು ಎದ್ದು, ಕೈಯಲ್ಲಿ ಹಿಡಿಯೋ ರೀಡರ್ ತಂದು, ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರಿನಂತೆ ಗಾಜಿಗೆ ಹಿಡಿಯುತ್ತಾನೆ. ಕಾರಿನವನು ಫೋನ್ ತೆಗೆದು ಆ್ಯಪ್ ತೋರಿಸುತ್ತಾನೆ. “ನೋಡು ತಮ್ಮಾ, 640 ರೂಪಾಯಿ ಬ್ಯಾಲೆನ್ಸ್ ಇದೆ.”

“ನಿಮ್ಮ ಫೋನಲ್ಲಿ ಇದೆ ಸಾರ್. ನಮ್ಮ ಸಿಸ್ಟಮ್ಮಲ್ಲಿ ಬ್ಲ್ಯಾಕ್‌ಲಿಸ್ಟ್ ತೋರಿಸ್ತಿದೆ. ಯುಪಿಐ ಮಾಡಿ, ಒಂದೂಕಾಲು ಪಟ್ಟು ಆಗುತ್ತೆ.”

ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಎಂಟು ಗಂಟೆ ಹೊಗೆ ಕುಡಿದು, ದಿನಕ್ಕೆ ನೂರು ಜನರ ಬಾಯಿಂದ ಬೈಸಿಕೊಳ್ಳುವುದೇ ಅವನ ಕೆಲಸ. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ನಮ್ಮ ಕಣ್ಣಿಗೆ ಬೀಳುವ ಮನುಷ್ಯ ಅವನೊಬ್ಬನೇ.

ಆ ಟ್ಯಾಗಿನದು ನಿಜಕ್ಕೂ ಚಂದದ ತಂತ್ರಜ್ಞಾನ, ಅದನ್ನು ಒಪ್ಪಬೇಕು. ಒಳಗೆ ಬ್ಯಾಟರಿ ಇಲ್ಲ. ಆಂಟೆನಾದಿಂದ ಬರುವ ರೇಡಿಯೋ ಅಲೆಯಿಂದಲೇ ಶಕ್ತಿ ತೆಗೆದುಕೊಂಡು, ತನ್ನ ನಂಬರ್ ಹೇಳಿ ಸುಮ್ಮನಾಗುತ್ತದೆ. ಉಳಿದ ದುಡ್ಡಿನ ವ್ಯವಹಾರವೆಲ್ಲ ಬ್ಯಾಂಕುಗಳ ನಡುವೆ ನಡೆಯುತ್ತದೆ. ಅಂದರೆ ಟ್ಯಾಗ್ ತನ್ನ ಪಾಡಿಗೆ ಅಂಟಿಕೊಂಡಿರುತ್ತದೆ, ಓಡಾಡುವುದೆಲ್ಲ ನಾವು.

ಎಷ್ಟು ಓಡಾಟ ಅಂತೀರಿ! ಕಡ್ಡಾಯ ಅಂದರು, 2019ರ ಡಿಸೆಂಬರ್ 1 ಅಂದರು. ಆಮೇಲೆ 15 ಅಂದರು. ಮುಂದೆ ಹೋಗಿ ಹೋಗಿ 2021ರ ಫೆಬ್ರುವರಿಗೆ ನಿಂತಿತು. ಜನ ಹಚ್ಚಿಸಿಕೊಂಡರು. 2024ರ ಹೊತ್ತಿಗೆ 8 ಕೋಟಿಗೂ ಜಾಸ್ತಿ ಬಳಕೆದಾರರು, ನೂರಕ್ಕೆ 98 ವಾಹನಗಳಲ್ಲಿ ಟ್ಯಾಗ್. ಎಲ್ಲರೂ ಹಚ್ಚಿಕೊಂಡಾಯ್ತಲ್ಲ, ಇನ್ನೇನು ಕೆಲಸ? ಪರೀಕ್ಷೆ ಶುರು. ಮೊದಲು ಕೆವೈಸಿ, ಅಂದರೆ ಮಾಲೀಕ ಯಾರು. ಆಮೇಲೆ ಒಂದು ವಾಹನಕ್ಕೆ ಒಂದೇ ಟ್ಯಾಗ್. ನಡುವೆ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಕೈ ಇಟ್ಟಿತು, ಆ ಬ್ಯಾಂಕಿನ ಟ್ಯಾಗ್ ಇದ್ದವರು ಬೇರೆ ಕಡೆ ಹೊಸದಕ್ಕೆ ಓಡಿದರು. ಐದು ವರ್ಷ ಆಗಿದ್ದರೆ ಟ್ಯಾಗನ್ನೇ ಬದಲಿಸಿ ಅಂದರು. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗುಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡ್ತೀವಿ ಅಂತ 2025ರಲ್ಲಿ ಗದರಿದರು.

ಅದರ ಬೆನ್ನಿಗೇ ಕೆವೈವಿ ಬಂತು. ನಿಮ್ಮ ವಾಹನವನ್ನು ತಿಳಿಯಿರಿ ಅಂತ. ಬ್ಯಾಂಕಿಗೆ ಕಾರಿನ ಫೋಟೋ ಕಳಿಸಬೇಕು. ಒಂದು ಮುಂದಿನಿಂದ, ನಂಬರ್ ಪ್ಲೇಟೂ ಟ್ಯಾಗೂ ಒಂದೇ ಫ್ರೇಮಿನಲ್ಲಿ. ಇನ್ನೊಂದು ಪಕ್ಕದಿಂದ, ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಕಾಣುವಂತೆ. ಲಾರಿಯವರು ಕಾರಿನ ಟ್ಯಾಗ್ ಹಚ್ಚಿಕೊಂಡು ಕಡಿಮೆ ದುಡ್ಡು ಕೊಟ್ಟು ಹೋಗಬಾರದು ಅನ್ನುವುದು ಉದ್ದೇಶ, ತಪ್ಪೇನಿಲ್ಲ. ಆದರೆ ಅದಕ್ಕಾಗಿ ಆಲ್ಟೋ ಇಟ್ಟುಕೊಂಡ ರಿಟೈರ್ಡ್ ಮೇಷ್ಟ್ರು ರಸ್ತೆಯಲ್ಲಿ ಮಂಡಿಯೂರಿ, ತನ್ನ ಕಾರಿಗೆ ಎರಡೇ ಆಕ್ಸಲ್ ಇದೆ ಅಂತ ಸಾಬೀತು ಮಾಡಬೇಕಾಯ್ತು. ಆರ್‌ಸಿಯಲ್ಲಿ ಬರೆದದ್ದು ಸಾಲದು, ಕಣ್ಣಾರೆ ನೋಡಬೇಕು. ಜನ ಗೊಣಗಿದ ಮೇಲೆ ಕಾರುಗಳಿಗೆ ಪಕ್ಕದ ಫೋಟೋ ಬೇಡ ಅಂದರು. ಆಮೇಲೆ, 2026ರ ಫೆಬ್ರುವರಿ 1ರಿಂದ ಹೊಸ ಕಾರ್ ಟ್ಯಾಗುಗಳಿಗೆ ಕೆವೈವಿಯೇ ಬೇಡ ಅಂದರು. ಮಂಡಿ ನೋವು ಮಾತ್ರ ಮೇಷ್ಟ್ರ ಹತ್ತಿರವೇ ಉಳಿಯಿತು.

ಇಷ್ಟು ನಿಯಮ ನಮಗೆ. ಟೋಲಿನವರಿಗೂ ಒಂದೆರಡು ಇದ್ದವು, ಯಾರಾದರೂ ಕೇಳಿದ್ದೀರಾ? 2018ರ ಮೇ ತಿಂಗಳಲ್ಲಿ ಕೇಂದ್ರದ ಅಧಿಸೂಚನೆ ಬಂತು. ಟ್ಯಾಗ್ ಸರಿ ಇದ್ದು, ಬ್ಯಾಲೆನ್ಸ್ ಇದ್ದು, ಗೇಟಿನ ಯಂತ್ರವೇ ಕೆಟ್ಟಿದ್ದರೆ ಗಾಡಿಯನ್ನು ಪುಕ್ಕಟೆ ಬಿಡಬೇಕು. ಬರೀ ಬಿಡುವುದಲ್ಲ, ಸೊನ್ನೆ ರೂಪಾಯಿಯ ರಸೀದಿಯನ್ನೂ ಕೊಡಬೇಕು. ಈ ಸೊನ್ನೆ ರಸೀದಿ ಕಣ್ಣಾರೆ ನೋಡಿದವರು ಇದ್ದರೆ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗೆ ದೇವರು ಕೊಟ್ಟ ವಿಷಯವೇ ಗೊತ್ತಿಲ್ಲ. ಯಂತ್ರ ಕೆಟ್ಟರೆ ಅವನ ಬಾಯಲ್ಲಿ ಬರುವುದು ಒಂದೇ, “ನಿಮ್ ಟ್ಯಾಗ್ ಪ್ರಾಬ್ಲಮ್ ಸಾರ್.”

ಇನ್ನೊಂದು ಹಳದಿ ಗೆರೆಯ ಕಥೆ. 2021ರ ಮೇನಲ್ಲಿ ಹೆದ್ದಾರಿ ಪ್ರಾಧಿಕಾರ ಹೇಳಿತು, ಯಾವ ಗಾಡಿಯೂ 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ಸಾಲು 100 ಮೀಟರ್ ದಾಟಿದರೆ, ಅದು ಕರಗುವವರೆಗೆ ಟೋಲ್ ಇಲ್ಲದೆ ಬಿಡಿ. 100 ಮೀಟರಿಗೆ ಒಂದು ಹಳದಿ ಗೆರೆ ಎಳೆಯಿರಿ. ಜನ ಖುಷಿಯಾದರು. ಗೆರೆ ಹುಡುಕುತ್ತಾ ಹುಡುಕುತ್ತಾ ಸಾಲಿನಲ್ಲಿ ನಿಂತರು. 2024ರಲ್ಲಿ ಆ ನಿಯಮವನ್ನೇ ವಾಪಸ್ ತೆಗೆದುಕೊಂಡರು, ಶುಲ್ಕದ ಕಾನೂನಿನಲ್ಲಿ ಹಾಗೆ ಬಿಡಲು ಅವಕಾಶವೇ ಇಲ್ಲವಂತೆ. ಮೂರು ವರ್ಷ ನಾವು ನಂಬಿದ್ದು ಬರೀ ಬಣ್ಣ.

ದುಡ್ಡು ಕೀಳುವ ವಿಷಯಕ್ಕೆ ಬಂದರೆ ಮಾತ್ರ ಎಲ್ಲವೂ ಗಡಿಯಾರ. ಬೆಂಗಳೂರು–ಮೈಸೂರು ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು, 14ರಿಂದ ಟೋಲ್. ಆ ವಾರವೇ ಬಂದ ಮಳೆಗೆ ರಾಮನಗರದ ಹತ್ತಿರ ನೀರು ನಿಂತು ಕಾರುಗಳು ತೇಲುವಂತಾಯ್ತು. ರೀಡರುಗಳು ಮಾತ್ರ ಒಣಗಿದ್ದವು.

ಕ್ಯಾಶ್ ಕಾಲದಲ್ಲಿ ಕೊನೆಯ ಪಕ್ಷ ಜಗಳ ಆಡಬಹುದಿತ್ತು. “ಚಿಲ್ಲರೆ ಇಲ್ಲ”, “ಲೋಕಲ್ ಗಾಡಿ ಕಣೋ”, “ನಮ್ಮೂರಲ್ಲಿ ನಿಂತು ನನ್ನನ್ನೇ ಕೇಳ್ತೀಯಾ” ಅಂತ ಒಂದು ಸುತ್ತು ಆಗುತ್ತಿತ್ತು. ಸುರತ್ಕಲ್‌ನ ಗೇಟು ‘ತಾತ್ಕಾಲಿಕ’ ಅಂತ ಬಂದು ವರ್ಷಗಟ್ಟಲೆ ಕೂತಿತ್ತು. ಜನ ರಸ್ತೆಗಿಳಿದು ಹೋರಾಡಿದ ಮೇಲೆ 2022ರ ಡಿಸೆಂಬರ್ 1ಕ್ಕೆ ವಸೂಲಿ ನಿಂತಿತು. ಬೀಪ್ ಅಂದ ಮೇಲೆ ಯಾರ ಹತ್ತಿರ ಜಗಳ ಆಡ್ತೀರಿ? ಕಾರು ಮನೆ ಮುಂದೆ ಕವರ್ ಹೊದ್ದು ಮಲಗಿದ್ದರೂ, ಮುನ್ನೂರು ಕಿಲೋಮೀಟರ್ ಆಚೆಯ ಗೇಟಿನಿಂದ ದುಡ್ಡು ಕಟ್ಟಾದ ಮೆಸೇಜು ಬರುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ನಾನು ಹೋಗಿಲ್ಲ ಅನ್ನುವುದಕ್ಕೆ ಸಾಕ್ಷಿ ಕೊಡಬೇಕು. ಹೋಗದೆ ಇರುವುದಕ್ಕೆ ಫೋಟೋ ತೆಗೆಯೋದು ಹೇಗೆ ಅಂತ ಮೇಷ್ಟ್ರು ಇನ್ನೂ ಯೋಚಿಸುತ್ತಿದ್ದಾರೆ.

ಹೆದರಬೇಡಿ, ಮುಂದೆ ಉಪಗ್ರಹ ಬರುತ್ತದೆ ಅಂದರು. ಗೇಟೇ ಇರಲ್ಲ, ಓಡಿದಷ್ಟಕ್ಕೆ ದುಡ್ಡು. ಇದೇ ಮೈಸೂರು ರಸ್ತೆಯಲ್ಲೂ ಹರಿಯಾಣದ ಪಾಣಿಪತ್–ಹಿಸಾರ್ ರಸ್ತೆಯಲ್ಲೂ ಪ್ರಯೋಗ ಮಾಡಿ ನೋಡಿದೆವು ಅಂತ 2024ರಲ್ಲಿ ಹೇಳಿದರು. ಆ ಸೆಪ್ಟೆಂಬರಿನಲ್ಲಿ ದಿನಕ್ಕೆ ಮೊದಲ 20 ಕಿಲೋಮೀಟರ್ ಪುಕ್ಕಟೆ ಅನ್ನುವ ನಿಯಮವೂ ಬಂತು. 2025ರ ಮೇ 1ರಿಂದಲೇ ಶುರು ಅಂತ ಸುದ್ದಿ ಹಬ್ಬಿದಾಗ, ಹಾಗೇನೂ ತೀರ್ಮಾನ ಆಗಿಲ್ಲ ಅಂತ ಸ್ಪಷ್ಟನೆ ಕೊಟ್ಟರು. ಈಗ ಆಕಾಶದಿಂದ ಇಳಿದು ಕ್ಯಾಮೆರಾಕ್ಕೆ ಬಂದಿದ್ದಾರೆ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಟ್ಯಾಗಿನಿಂದ ದುಡ್ಡು ಹೋಗುತ್ತದೆ, ಗಾಡಿ ನಿಲ್ಲುವುದೇ ಬೇಡ. ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟಿನ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಿದ ರಾಜ್ಯದಲ್ಲಿ ಕೂತು ಇದನ್ನು ಕೇಳೋಕೆ ಮಜಾ ಇದೆ, ಅಲ್ವಾ?

ತೈವಾನ್‌ನಲ್ಲೂ ಬ್ಯಾಟರಿ ಇಲ್ಲದ ಇಂಥದ್ದೇ ಸ್ಟಿಕರ್. 2013ರ ಕೊನೆಗೆ ಅವರು ಹೆದ್ದಾರಿಯ ಟೋಲ್ ಗೇಟುಗಳನ್ನೆಲ್ಲ ಒಂದೇ ಸಲಕ್ಕೆ ಮುಚ್ಚಿದರು. ಮೇಲೆ ಕಮಾನು, ಕೆಳಗೆ ಓಡುವ ಕಾರು, ಅಷ್ಟೇ. ನಾವು 2014ರಲ್ಲಿ ಅಹಮದಾಬಾದ್–ಮುಂಬೈ ದಾರಿಯಲ್ಲಿ ಸ್ಟಿಕರ್ ಶುರು ಮಾಡಿದೆವು. ಗೇಟು ಬಿಟ್ಟು ಇರೋಕೆ ಮಾತ್ರ ಮನಸ್ಸು ಬರಲಿಲ್ಲ.

ಪ್ರಾಧಿಕಾರ ನಮ್ಮ ಬಗ್ಗೆ ಯೋಚಿಸುವುದೇ ಇಲ್ಲ ಅನ್ನಬಾರದು. 2025ರಲ್ಲಿ 3,000 ರೂಪಾಯಿಗೆ 200 ಟ್ರಿಪ್ಪಿನ ವಾರ್ಷಿಕ ಪಾಸ್ ಕೊಟ್ಟಿದ್ದು ಒಳ್ಳೆಯದೇ, ದಿನಾ ಓಡಾಡುವವರಿಗೆ ಉಳಿತಾಯ. ಅದಕ್ಕಿಂತ ನನಗೆ ಇಷ್ಟವಾಗಿದ್ದು 2025ರ ಅಕ್ಟೋಬರಿನ ಯೋಜನೆ. ಟೋಲ್ ಪ್ಲಾಜಾದ ಟಾಯ್ಲೆಟ್ ಗಲೀಜಾಗಿದ್ದರೆ ಆ್ಯಪಿನಲ್ಲಿ ಫೋಟೋ ಹಾಕಿ, ನಿಮ್ಮ ಫಾಸ್ಟ್ಯಾಗಿಗೆ 1,000 ರೂಪಾಯಿ ಬಹುಮಾನ ಅಂದರು. ನಗದು ಕೊಡಲ್ಲ, ಟೋಲಿಗೇ ಖರ್ಚು ಮಾಡಬೇಕು. ಒಂದು ಗಾಡಿಗೆ ಒಂದೇ ಸಲ. ಒಂದು ಟಾಯ್ಲೆಟ್‌ಗೆ ದಿನಕ್ಕೆ ಒಂದೇ ಬಹುಮಾನ, ಅದೂ ಮೊದಲು ಕಳಿಸಿದವರಿಗೆ. ಅಂದರೆ ಬೆಳಗ್ಗೆ ಬೇಗ ಎದ್ದು ಹೋದವನಿಗೆ ಮಾತ್ರ ಗಲೀಜಿನ ಫಲ. ಫೋಟೋದಲ್ಲಿ ಜಾಗ, ಸಮಯ ಸ್ಪಷ್ಟವಾಗಿ ಇರಬೇಕು ಅಂತ ಷರತ್ತಿತ್ತು. ಪಕ್ಕದಿಂದ ಆಕ್ಸಲ್ ಕಾಣುವ ಇನ್ನೊಂದು ಫೋಟೋ ಯಾರೂ ಕೇಳಲಿಲ್ಲ.