ಇದು ಯಾರ ಬೆಂಕಿ ಸ್ವಾಮಿ?

ಬೇಸಿಗೆ ಬಂತು, ಪೇಪರಿನಲ್ಲಿ ಅದೇ ಸುದ್ದಿಯೂ ಬಂತು. ಬಂಡೀಪುರ, ನಾಗರಹೊಳೆಯಲ್ಲಿ ಬೆಂಕಿ ರೇಖೆ ಕೆಲಸ ಮುಗಿದಿದೆ, ಕಾಡು ಸುರಕ್ಷಿತ. ಪಕ್ಕದಲ್ಲೇ ಫೋಟೊ. ಸುರಕ್ಷಿತವಾದ ಕಾಡು ಕರ್ರಗೆ ಕೂತಿದೆ.

ನಗಬೇಡಿ. ಬೆಂಕಿ ಬಾರದಿರಲಿ ಅಂತ ಮೊದಲೇ ಬೆಂಕಿ ಹಾಕುವ ಪದ್ಧತಿ ಸರಿಯಾದದ್ದೇ. ಗೆರೆಯುದ್ದಕ್ಕೂ ಒಣಹುಲ್ಲು ಸುಟ್ಟಿದ್ದರೆ ಆಮೇಲೆ ಬರುವ ಬೆಂಕಿಗೆ ಮೇವಿರುವುದಿಲ್ಲ. ನನ್ನ ತಕರಾರು ಬೆಂಕಿಯ ಜಾತಿಯ ಬಗ್ಗೆ ಮಾತ್ರ. ಅರಣ್ಯ ಇಲಾಖೆ ಕಡ್ಡಿ ಗೀರಿದರೆ ಮುಂಜಾಗ್ರತೆ, ಕಾಡಿನಲ್ಲೇ ಬಾಳುವ ಸೋಲಿಗರು ಗೀರಿದರೆ ಕೇಸು.

ಬಿಳಿಗಿರಿರಂಗನ ಬೆಟ್ಟದಲ್ಲಿ ಅವರು ತಲೆತಲಾಂತರದಿಂದ ತರಗು ಬೆಂಕಿ ಹಾಕುತ್ತಿದ್ದರು. ಬಿಸಿಲು ಏರುವ ಮೊದಲೇ, ನೆಲದ ತರಗೆಲೆಯಷ್ಟೇ ಸುಡುವ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಮುಂದೆ ಆ ಬೆಂಕಿ ಅಪರಾಧವಾಯಿತು. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು ಅಂತಾರೆ ಸೋಲಿಗರು. ಕೇಳುವವರು ಯಾರು?

ಅಂದ ಹಾಗೆ ಈ ಲಂಟಾನ. ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದ ಅಮೆರಿಕದ ಹೂಗಿಡ. ಎರಡು ದಿನಕ್ಕೆ ಅಂತ ಬಂದ ನೆಂಟ ಪಡಸಾಲೆ, ಅಡುಗೆಮನೆ ಎಲ್ಲ ಹಿಡಿದು, ಕೊನೆಗೆ ಮನೆಯವರನ್ನೇ ಜಗಲಿಗೆ ದಬ್ಬಿದ ಹಾಗಾಯಿತು. ಹುಲ್ಲನ್ನು ಮೇಲೇಳಲು ಬಿಡುವುದಿಲ್ಲ. ಒಣಗಿತೋ, ನೆಲದ ಬೆಂಕಿಗೆ ಏಣಿ ಹಾಕಿ ಮರದ ತುದಿಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಜಾಸ್ತಿ ಸುಟ್ಟದ್ದು ನೆನಪಿದೆ ಅಲ್ವಾ?

ಪ್ರಾಣಿಗಳ ವಿಷಯಕ್ಕೆ ಬಂದರೆ, ಕಾಜಾಣ ಹಕ್ಕಿಗೆ ಹಬ್ಬ. ಬೆಂಕಿಗೆ ಹೆದರಿ ಏಳುವ ಹುಳ ನೇರ ಬಾಯಿಗೇ. ಕಾಡಿನ ಕಂಟ್ರಾಕ್ಟರ್ ಅಂದ್ರೆ ಅದೇ ನೋಡಿ. ನಾಲ್ಕು ಹನಿ ಮಳೆ ಬಿದ್ದರೆ ಸುಟ್ಟ ಜಾಗದಲ್ಲಿ ಎಳೆ ಹುಲ್ಲು, ಹುಲ್ಲಿಗೆ ಜಿಂಕೆ. ಆ ಹುಲ್ಲು ರಸ್ತೆ ಪಕ್ಕದ್ದೇ ಆಗಿದ್ದರೆ ಜಿಂಕೆಯ ಹಿಂದೆಯೇ ಊಟಿಗೆ ಹೊರಟ ಕಾರು, ಕಾರಿನ ಕಿಟಕಿಯಿಂದ ಮೊಬೈಲ್ ಹಿಡಿದ ಕೈ. ಕಾಲಿದ್ದವರು ಓಡಿದರು, ರೆಕ್ಕೆ ಇದ್ದವರು ಹಾರಿದರು, ಸರಿ. ಆಮೆ ಎಷ್ಟು ದೂರ ಓಡಬೇಕು? ನೆಲದ ಮೇಲೆ ಮೊಟ್ಟೆ ಇಡುವ ಕಾಡುಕೋಳಿ ಮೊಟ್ಟೆ ಹೊತ್ತು ಹಾರಬೇಕಾ?

ಇನ್ನು ದೊಡ್ಡ ಬೆಂಕಿ ಬಿದ್ದಾಗ ಆರಿಸುವವರು ಯಾರು? ಅದೇ ಹಾಡಿ ಹುಡುಗರು, ದಿನಗೂಲಿಗೆ, ಕೈಯಲ್ಲೊಂದು ಹಸಿ ಸೊಪ್ಪಿನ ಕೊಂಬೆ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಸತ್ತೇ ಹೋದರು. ಬೆಂಕಿ ಹಾಕುವಾಗ ಹಾಡಿಯವರ ಮಾತು ಬೇಡ, ಆರಿಸುವಾಗ ಅವರ ಮೈ ಬೇಕು. ಇದಕ್ಕೆ ತಮಾಷೆ ಮಾಡೋಕೂ ಬೇಜಾರು.

ನಿನ್ನೆ ಸಂಜೆ ಚಾಮುಂಡಿ ಬೆಟ್ಟದ ಕಡೆ ಹೊಗೆ ಎದ್ದಿತ್ತು. ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಕೇಳಿದ: "ಸಾರ್, ಇದು ಪರ್ಮಿಶನ್ ಇರೋ ಬೆಂಕಿನಾ, ಇಲ್ದೇ ಇರೋದಾ?"