ಕೇಳಾಕ ಏನ ಧಾಡಿ?

ಹೊಸ ಮನೆಯ ಬಾಗಿಲು ತೆಗೆದಾಗ ಅಡಿಗೆಮನೆಯಲ್ಲಿ ಗೋಡೆಯಿಂದ ಹೊರಬಂದ ಎರಡು ನೀರಿನ ಪೈಪು ಬಿಟ್ಟರೆ ಏನೂ ಇರಲಿಲ್ಲ. ಒಲೆ ಇಲ್ಲ, ಸಿಂಕ್ ಇಲ್ಲ, ಕಟ್ಟೆಯೂ ಇಲ್ಲ. ಬಲ್ಬ್ ಇರಬೇಕಾದ ಕಡೆ ವೈರು ಜೋತುಬಿದ್ದಿತ್ತು. ಕಳ್ಳತನ ಆಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆ ಸಿಗೋದೇ ಹೀಗೆ. ಹಳೇ ಬಾಡಿಗೆಯವರು ತಮ್ಮ ಅಡಿಗೆಮನೆಯನ್ನೂ ಬಿಚ್ಚಿಕೊಂಡು ಹೋಗುತ್ತಾರೆ.

ನಾನು ನರ್ಸ್. ಊರು ರೋಣದ ಹತ್ತಿರ, ಓದಿದ್ದು ಹುಬ್ಬಳ್ಳಿಯಲ್ಲಿ. ನಮ್ಮ ಓದಿಗೆ ಇಲ್ಲಿ ಮಾನ್ಯತೆ ಸಿಗಬೇಕಾದರೆ ಮೊದಲು ತರಬೇತಿ ಮುಗಿಸಬೇಕಿತ್ತು. ಆಗ ಎಲ್ಲಾ ಆಸ್ಪತ್ರೆಯವರದೇ. ಹಾಸ್ಟೆಲ್ ರೂಮು, ಭಾಷೆ ಕ್ಲಾಸು, ಬ್ಯಾಂಕ್ ಖಾತೆ, ವಿಮೆ. ಒಬ್ಬ ಮೇಡಂ ಫೈಲ್ ಹಿಡಿದುಕೊಂಡು ನಮ್ಮ ಜೊತೆ ಕಚೇರಿ ಕಚೇರಿ ತಿರುಗುತ್ತಿದ್ದರು. ಕಸ ಬೇರೆ ಮಾಡೋದನ್ನೂ ಅವರೇ ಕಲಿಸಿದ್ದು: ಕಾಗದ ನೀಲಿ ಡಬ್ಬಿಗೆ, ಪ್ಯಾಕೆಟ್ ಹಳದಿಗೆ. ತರಬೇತಿ ಮುಗಿದು ಮಾನ್ಯತೆ ಪತ್ರ ಬಂತು. ಬೆನ್ನಿಗೇ ರೂಮು ಖಾಲಿ ಮಾಡುವ ತಾರೀಖೂ ಬಂತು. ಮೇಡಂ ಕೈಕುಲುಕಿ ಹೋದರು. ಕೆಟ್ಟವರಲ್ಲ, ಅವರ ಕೆಲಸ ಮುಗಿದಿತ್ತು.

ಹುಬ್ಬಳ್ಳಿಯಲ್ಲಿ ಯಾರ ಕೆಲಸವೂ ಹೀಗೆ ಮುಗಿಯುತ್ತಿರಲಿಲ್ಲ. ವಿದ್ಯಾನಗರದ ರೂಮಿನಲ್ಲಿದ್ದಾಗ ಅವ್ವ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿ ಬೆಳಗಿನ ಬಸ್ಸಿಗೆ ಇಡುತ್ತಿದ್ದಳು. ಕಂಡಕ್ಟರ್ ಕಾಕಾ ಬುತ್ತಿ ಇಳಿಸುವಾಗ "ನಿನ್ನೆ ಯಾಕ ಬಂದಿಲ್ಲೋ?" ಅಂತ ಗದರುತ್ತಿದ್ದರು. ಜ್ವರ ಬಂದರೆ ಮನೆ ಮಾಲಕರ ಹೆಂಡತಿ ಗಂಜಿ ತಂದಿಡುತ್ತಿದ್ದರು. ರಾತ್ರಿ ಎಷ್ಟಕ್ಕೆ ಬಂದೆ, ಜೊತೆಗೆ ಯಾರಿದ್ದರು ಅಂತಲೂ ಅವರೇ ಕೇಳುತ್ತಿದ್ದರು ಬಿಡಿ. ಒಟ್ಟಿನಲ್ಲಿ ನಾನಾಗಿ ಬಾಯಿಬಿಟ್ಟು ಏನನ್ನೂ ಕೇಳಿದ್ದೇ ಇಲ್ಲ. ಕೇಳೋದು ಅಂದರೆ ಕೈಚಾಚಿದ ಹಾಗೆ ಅಂತಲೇ ಬೆಳೆದವನು.

ಅದರ ಫಲ ಇಲ್ಲಿ ಸಿಕ್ಕಿತು. ಮನೆ ಬದಲಿಸಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲಕರ ಸಹಿ ಇರುವ ಕಾಗದ ಬೇಕು. ಅದಿಲ್ಲದೇ ಹೋಗಿ, ಸುಮ್ನೆ ವಾಪಸ್ ಬಂದೆ. ಇನ್ನೊಂದು ದಿನ ರೇಡಿಯೋ, ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ ಕಟ್ಟಿ ಅಂತ ಪತ್ರ ಬಂತು. ನನ್ನ ಹತ್ತಿರ ಟಿವಿಯೇ ಇಲ್ಲ, ಯಾರೋ ಟೋಪಿ ಹಾಕುತ್ತಿದ್ದಾರೆ ಅಂತ ನೀಲಿ ಡಬ್ಬಿಗೆ ಹಾಕಿದೆ. ಟಿವಿ ಇರಲಿ ಬಿಡಲಿ, ಮನೆಗೊಂದು ಶುಲ್ಕ ಕಟ್ಟಲೇಬೇಕಂತೆ! ಎರಡನೇ ಪತ್ರ ಬಂದಾಗ ವಾರ್ಡಿನ ಸಹೋದ್ಯೋಗಿ ಅಂದಳು, "ನಾನು ಇಲ್ಲೇ ಇದ್ದೆನಲ್ಲ, ಯಾಕೆ ಕೇಳಲಿಲ್ಲ?"

ಜರ್ಮನ್ನರು ಒಣ ಜನ ಅಂತ ನಮ್ಮವರು ಹೇಳೋದು ಕೇಳಿದ್ದೇನೆ. ನನಗೇನೋ ಹಾಗನಿಸಿಲ್ಲ. ಕೇಳದೇ ಸಹಾಯಕ್ಕೆ ಹೋದರೆ ಮೂಗು ತೂರಿಸಿದಂತೆ ಆಗುತ್ತದೆ ಅಂತ ಹಿಂದೆ ಸರಿಯುತ್ತಾರೆ, ಅಷ್ಟೇ. ತರಬೇತಿಯಲ್ಲಿ ಕಸದ ಡಬ್ಬಿಗೆ ಕೊಟ್ಟ ಸಮಯದಲ್ಲಿ ಅರ್ಧ ಇದಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಈಗ ಹುಬ್ಬಳ್ಳಿಯಿಂದ ಹೊರಡುವ ಹುಡುಗರು ಫೋನ್ ಮಾಡಿ ಸ್ವೆಟರ್ ಎಷ್ಟು ತರಲಿ ಅಂತಾರೆ. ಸ್ವೆಟರ್ ಇಲ್ಲೂ ಸಿಗುತ್ತದೆ ಮಾರಾಯ, "ದಯವಿಟ್ಟು ಸ್ವಲ್ಪ ಹೇಳ್ತೀರಾ" ಅನ್ನೋದನ್ನ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೊಂಡು ಬಾ ಅಂತೀನಿ.

ಹೋದ ತಿಂಗಳು ಅವ್ವ ಕಡಕ್ ರೊಟ್ಟಿ ಪಾರ್ಸೆಲ್ ಕಳಿಸಿದ್ದಳು. ನಾನು ಡ್ಯೂಟಿಯಲ್ಲಿದ್ದೆ. ಪಾರ್ಸೆಲ್ ಮೂರನೇ ಮಹಡಿಯ ಅಜ್ಜಿಯ ಹತ್ತಿರ ಇದೆ ಅಂತ ಟಪಾಲಿನವ ಚೀಟಿ ಬಿಟ್ಟಿದ್ದ. ಅವ್ವನಿಗೆ ಫೋನಿನಲ್ಲಿ, ಒಂದು ದಿನವೂ ಮಾತಾಡಿಸದವರ ಬಾಗಿಲು ಹೆಂಗೆ ಬಡಿಯಲಿ ಅಂದೆ. "ಬಾಜೂ ಮನಿಯವ್ರನ್ನ ಕೇಳಾಕ ಏನ ಧಾಡಿ ನಿನಗ?" ಅಂದಳು. ಮರುದಿನ ಹೋಗಿ ಬೆಲ್ ಒತ್ತಿದೆ. ಅಜ್ಜಿ ಡಬ್ಬ ತಂದುಕೊಟ್ಟರು. ಬಂದಿದ್ದೇನೋ ಬಂದಿದ್ದೇನೆ ಅಂತ ಧೈರ್ಯ ಮಾಡಿ, ಅಡಿಗೆಮನೆಗೆ ಹಲಗೆ ಹೊಡೆಯಬೇಕು, ಡ್ರಿಲ್ ಮಷಿನ್ ಇದೆಯಾ ಅಂತಲೂ ಕೇಳಿದೆ.

ಒಳಗೆ ಹೋಗಿ ತಂದುಕೊಟ್ಟರು. "ಆದರೆ ಇವತ್ತು ಭಾನುವಾರ, ಸದ್ದು ಮಾಡೋ ಹಾಗಿಲ್ಲ," ಅಂದರು. "ನಾಳೆ ಹೊಡಿ."