ಬಂದದ್ದು ಯಾವಾಗ, ಹೋಗುವುದು ಯಾವಾಗ?

ನಮ್ಮ ಕಾಸರಗೋಡಿನಲ್ಲಿ ಪರದೇಶದಿಂದ ಬಂದವರನ್ನು ಕಂಡರೆ ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಬಂದದ್ದು? ಯಾವಾಗ ಹೋಗುವುದು? ಇದು ಗಲ್ಫ್ ಕಲಿಸಿದ ಪ್ರಶ್ನೆ. ಅಲ್ಲಿಂದ ಬರುವವರ ರಜೆ ಒಂದೋ ಎರಡೋ ತಿಂಗಳು. ಮನೆ ಮೆಟ್ಟಿಲು ಹತ್ತುವಾಗಲೇ ಹೋಗುವ ತಾರೀಕು ಗೊತ್ತಿರುತ್ತದೆ. ಕೇಳುವವರ ತಪ್ಪಿಲ್ಲ.

ಆದರೆ ನಾನು ರಿಟೈರ್ ಆದ ಕನ್ನಡ ಮಾಷ್ಟ್ರು. ನೀರ್ಚಾಲು ಹತ್ತಿರ ಸ್ವಲ್ಪ ಅಡಿಕೆ ತೋಟ. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ಐದೂವರೆ ತಿಂಗಳು ಇದ್ದು, ಮೇ ತಿಂಗಳ ಎರಡನೇ ವಾರ ಬಂದೆವು. ಬಸ್ ಸ್ಟಾಪಿನಲ್ಲಿ ತುಳುವಿನಲ್ಲಿ ಕೇಳಿದರು, ‘ಏಪ ಬತ್ತಿನಿ, ನನ ಏಪ ಪೋಪಿನಿ?’ ಅಂಗಡಿಯಲ್ಲಿ ಮಲಯಾಳದಲ್ಲಿ. ನೆಂಟರ ಮನೆಯಲ್ಲಿ ಹವ್ಯಕದಲ್ಲಿ, ‘ಇನ್ನು ಹೋಪದು ಯಾವಗ?’ ಎಲ್ಲಿಗೆ ಹೋಗಲಿ ಮಾರಾಯ್ರೆ? ಬಂದದ್ದು ಮನೆಗೇ ಅಲ್ವಾ?

ಎರಡನೆಯದು, ಎಲ್ಲರೂ ಕೊಡುವ ಬುದ್ಧಿವಾದ. ‘ಹದಿನೈದು ದಿನ ಸುಮ್ನೆ ರೆಸ್ಟ್ ಮಾಡಿ.’ ನನ್ನ ಅನುಭವದಲ್ಲಿ ಇದರಷ್ಟು ಕೆಟ್ಟ ಸಲಹೆ ಬೇರೆ ಇಲ್ಲ.

ಜೆಟ್ ಲ್ಯಾಗ್ ಸುಳ್ಳಲ್ಲ. ಬೇಸಿಗೆಯಲ್ಲಿ ನ್ಯೂಜೆರ್ಸಿಗೂ ನಮಗೂ 9 ಗಂಟೆ 30 ನಿಮಿಷ ವ್ಯತ್ಯಾಸ. ದೇಹದ ಗಡಿಯಾರ ಸರಿಯುವುದು ಹೆಚ್ಚುಕಮ್ಮಿ ದಿನಕ್ಕೊಂದು ಗಂಟೆಯಂತೆ. ಅದೂ ಪೂರ್ವಕ್ಕೆ ಬರುವಾಗ ಇನ್ನೂ ಕಷ್ಟ. ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟರೆ ಮುಗಿಯಿತು. ಅಲ್ಲಿ ಸಂಜೆ ನಾಲ್ಕೂವರೆ, ಮೊಮ್ಮಗಳು ಶಾಲೆಯಿಂದ ಬಂದು ಚೀಲ ಬಿಸಾಡುವ ಹೊತ್ತು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಕೇಳಿ ಎದ್ದು ಹೋದರೆ ಹೆಂಡತಿಯೂ ಅಲ್ಲಿ ಅವಲಕ್ಕಿ ಹುಡುಕುತ್ತಿದ್ದಳು.

ನಾಲ್ಕನೇ ದಿನ ಹತ್ತಿರದಲ್ಲೇ ಯಕ್ಷಗಾನ ಬಯಲಾಟ ಇತ್ತು. ಆಟದ ಋತು ಮುಗಿಯುವ ಪತ್ತನಾಜೆಗೆ ಇನ್ನು ಕೆಲವೇ ದಿನ, ಆಮೇಲೆ ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆಯುವವರೆಗೆ ಮೇಳಗಳ ತಿರುಗಾಟ ಇಲ್ಲ. ಈಗೀಗ ಜಾಸ್ತಿ ಆಟಗಳು ನಡುರಾತ್ರಿಗೇ ಮುಗಿಯುತ್ತವೆ, ಇದು ಬೆಳಗಿನವರೆಗಿನದ್ದು. ಮೂರು ಗಂಟೆಗೆ ಇಡೀ ಸಭೆ ತೂಕಡಿಸುವಾಗ ನಾನೊಬ್ಬ ಮಧ್ಯಾಹ್ನದ ಹಾಗೆ ಕೂತಿದ್ದೆ. ಪಕ್ಕದ ಹುಡುಗ ಕೇಳಿದ, ‘ಮಾಷ್ಟ್ರೇ, ನಿಮಗೆ ನಿದ್ದೆಯೇ ಬರುವುದಿಲ್ವಾ?’ ಮರುದಿನ ಸಂಜೆ ನಾಲ್ಕರವರೆಗೆ ಮಲಗಿದ್ದನ್ನು ಅವನಿಗೆ ಹೇಳಲಿಲ್ಲ.

ಅಂತೂ ಅದು ಹತ್ತು ದಿನದ ಕಾಯಿಲೆ. ತಾನಾಗಿ ಹೋಗುತ್ತದೆ. ತಾನಾಗಿ ಹೋಗದ್ದು ಬೇರೆ. ಐದೂವರೆ ತಿಂಗಳು ಇಲ್ಲದವನನ್ನು ಊರು ತನ್ನ ಲೆಕ್ಕದಿಂದ ಬಿಟ್ಟಿರುತ್ತದೆ. ಕೋಪದಿಂದಲ್ಲ, ಅಭ್ಯಾಸದಿಂದ. ಆಮಂತ್ರಣ ಪತ್ರಿಕೆ ಬರುವುದಿಲ್ಲ, ಯಾರೂ ಬಾಳೆಗೊನೆ ತಂದು ಇಡುವುದಿಲ್ಲ. ಮನೆಯೊಳಗೆ ಕೂತು ರೆಸ್ಟ್ ಮಾಡಿದರೆ ಆ ಲೆಕ್ಕಕ್ಕೆ ವಾಪಸು ಸೇರುವುದು ಹೇಗೆ?

ನಮ್ಮ ಕಡೆಯ ತಪ್ಪೂ ಇದೆ ಅನ್ನಿ. ಅಂಗಡಿಯವರು ಬೆಲ್ಲ ಕಟ್ಟಿ ಕೊಟ್ಟಾಗ ಬಾಯಿಗೆ ಬಂದದ್ದು ‘ಥ್ಯಾಂಕ್ಯೂ’. ಅವರು ಗಾಬರಿಯಾಗಿ, ‘ಎಂದ್ ಪಟ್ಟೀ ಮಾಷೇ?’ ಏನಾಯಿತು ಅಂತ ಕೇಳಿದರು. ಮೂವತ್ತು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಥ್ಯಾಂಕ್ಯೂ ಅದು.

ಮನೆಯ ಬಾಕಿಗಳು ಬೇಗ ತೀರಿದವು. ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲನ್ನು ಮಗಳು ಅಲ್ಲಿಂದಲೇ ಕಟ್ಟಿದ್ದಳು. ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ತಿಂಗಳಿಗೆ 50 ರೂಪಾಯಿಯ ಹಾಗೆ ಕೊಟ್ಟೆ. ಪುಸ್ತಕದ ಕಪಾಟಿಗೆ ಒರಲೆ ಹಿಡಿದಿತ್ತು. ಸ್ಕೂಟರಿನ ಬ್ಯಾಟರಿ ಸತ್ತಿತ್ತು. ಸಿಮ್ಮಿಗೆ ರೀಚಾರ್ಜ್ ಮಾಡದೆ ಒಟಿಪಿ ಬರುತ್ತಿರಲಿಲ್ಲ, ಅದಕ್ಕೆ ಮಾತ್ರ ಎರಡು ದಿನ ಓಡಾಡಬೇಕಾಯಿತು.

ದೊಡ್ಡ ಬಾಕಿ ಇದ್ದದ್ದು ಆಚೆಕರೆ ಭಾವನ ಮನೆಯಲ್ಲಿ. ನಾವು ಹೋಗುವಾಗ ತೋಟಕ್ಕೆ ನೀರು ಬಿಡುವ ಕೆಲಸ ಒಪ್ಪಿಕೊಂಡವರು ಅವರು. ಜನವರಿ ಕೊನೆಗೆ ತೀರಿಹೋದರು. ಸುದ್ದಿ ವಾಟ್ಸಾಪಿನಲ್ಲಿ ಬಂತು. ನಾನು ಕೈಮುಗಿದ ಚಿತ್ರ ಹಾಕಿದೆ. ಆಮೇಲೆ ಫೋನ್ ಮಾಡಿ ಎರಡು ಮಾತಾಡಿದೆ. ಅಷ್ಟೇ.

ಬಂದ ಮರುದಿನವೇ ಹೋಗಬೇಕಿತ್ತು. ರೆಸ್ಟ್ ಅಂತ ಆರು ದಿನ ತಳ್ಳಿದೆ. ಹೋದಾಗ ಭಾವನ ಹೆಂಡತಿ, ಅಕ್ಕ, ಅಮೆರಿಕದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟರು. ಒಳಗೆ ಹೋಗಿ ಪಂಪ್ ಶೆಡ್ಡಿನ ಕೀ, ಜೊತೆಗೆ ನಾನೇ ಕೊಟ್ಟಿದ್ದ ನೂರು ಪುಟದ ನೋಟ್‌ಬುಕ್ ತಂದು ಜಗಲಿಯಲ್ಲಿಟ್ಟರು. ತಾರೀಕು, ಪಂಪು ಹಾಕಿದ್ದು, ನಿಲ್ಲಿಸಿದ್ದು, ಎಲ್ಲ ಭಾವನ ಬಾಗಿದ ಅಕ್ಷರದಲ್ಲಿ. ಪಕ್ಕದಲ್ಲಿ ಸಣ್ಣದಾಗಿ ‘ಕರೆಂಟಿಲ್ಲ’, ‘ಮೂರನೇ ಸಾಲಿನ ಜೆಟ್ ಕಟ್ಟಿದೆ, ಬಿಡಿಸಿದೆ.’ ಜೆಟ್ ಅಂದರೆ ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್. ಜನವರಿ 28ಕ್ಕೆ ಆ ಅಕ್ಷರ ನಿಂತಿತ್ತು. ಫೆಬ್ರವರಿ 2ರಿಂದ ಅವರ ಮಗನ ಅಕ್ಷರ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವ ಮೊದಲೇ ಆ ಮನೆಯವರು ನನ್ನ ತೋಟಕ್ಕೆ ನೀರು ಬಿಟ್ಟಿದ್ದರು. ಆ ವಾರ ನ್ಯೂಜೆರ್ಸಿಯಲ್ಲಿ ಹಿಮ ಬಿದ್ದಿತ್ತು, ನಾನು ಅದರ ಫೋಟೊ ಗ್ರೂಪಿಗೆ ಹಾಕಿದ್ದೆ.

ಮಜ್ಜಿಗೆ ಲೋಟ ಹಿಡಿದು ಸುಮಾರು ಹೊತ್ತು ಕೂತೆ. ತಂದಿದ್ದ ಚಾಕಲೇಟಿನ ಪೊಟ್ಟಣ ಚೀಲದಿಂದ ತೆಗೆಯಲು ನಾಚಿಕೆಯಾಯಿತು. ಏಳುವಾಗ ಅಕ್ಕ ಹೇಳಿದರು, ‘ಮದ್ದು ಬಿಡುಲೆ ಮಾಣಿಯ ಕಳುಸುತ್ತೆ. ನಿಂಗೊ ಒಬ್ಬನೇ ಹೆರಡೆಡಿ.’ ಮದ್ದು ಬಿಡಲು ಮಗನನ್ನು ಕಳಿಸುತ್ತೇನೆ, ನೀವೊಬ್ಬರೇ ಹೊರಡಬೇಡಿ ಅಂತ.

ಮಳೆಗೆ ಮೊದಲು ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆ ಎಲ್ಲ ಉದುರುತ್ತದೆ. ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಮಾಡಬಾರದು. ಮಾಣಿ ಹೊಯ್ದ, ನಾನು ಕೋಲಿನಲ್ಲಿ ಕಲಕಿದೆ. ತಿಳಿ ನೀಲಿ ಬಣ್ಣ ಬಂದ ಮೇಲೆ ಕತ್ತಿ ಅದ್ದಿ ನೋಡಿದೆವು. ಅಲಗು ಕೆಂಪಾಯಿತು. ಅಂದರೆ ತುತ್ತು ಜಾಸ್ತಿ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಿದಾಗ ಬಣ್ಣ ಹಿಡಿಯಲಿಲ್ಲ. ಅವನು ಫೈಬರ್ ದೋಟಿ, ಆ ಉದ್ದದ ಕೋಲು, ಎತ್ತಿ ಕೆಳಗಿನಿಂದಲೇ ಗೊನೆಗೊನೆಗೆ ಬಿಟ್ಟ. ನಾನು ಪೈಪು ಎಳೆದೆ. ಸಂಜೆ ಶರಟು, ಕನ್ನಡಕ, ಕಿವಿ ಎಲ್ಲ ನೀಲಿ. ಆ ರಾತ್ರಿ ಒಂಬತ್ತಕ್ಕೆ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ ಆರಕ್ಕೆ.

ಅದೇ ದಿನ ಸೋಪು ತರಲು ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಉಗುರು ನೋಡಿದರು. ‘ಮರುನ್ನ್ ಅಡಿಚ್ಚಾ ಮಾಷೇ?’ ಮದ್ದು ಬಿಟ್ಟಾಯಿತಾ ಅಂತ. ಯಾವಾಗ ಹೋಗುವುದು ಅಂತ ಕೇಳಲಿಲ್ಲ.